ಊರಿಂದ ಅಮೆರಿಕಕ್ಕೆ ಪಾರ್ಸೆಲ್: ನಿಂತಿದ್ದು ಯಾಕೆ, ಮತ್ತೆ ಶುರುವಾದ ಮೇಲೆ ಬದಲಾಗಿದ್ದೇನು?

ಅಮೆರಿಕಕ್ಕೆ ಅಂಚೆಯಲ್ಲಿ ಪಾರ್ಸೆಲ್ ಕಳಿಸುವುದು ಮತ್ತೆ ಶುರುವಾಗಿದೆ. 2025ರ ಅಕ್ಟೋಬರ್ 15ರಿಂದ ಭಾರತೀಯ ಅಂಚೆ ಇಲಾಖೆ ಎಲ್ಲ ಬಗೆಯ ಟಪಾಲನ್ನೂ ಅಲ್ಲಿಗೆ ತೆಗೆದುಕೊಳ್ಳುತ್ತಿದೆ. ಸುದ್ದಿಯ ಜೊತೆಗೇ ಗೊಂದಲವೂ ಹಬ್ಬಿತು. ಶೇ 50 ಸುಂಕ ಕಟ್ಟಬೇಕು ಅಂತ ಒಬ್ಬರು ಹೇಳಿದರು. ಪಾರ್ಸೆಲ್ ಒಂದಕ್ಕೆ 200 ಡಾಲರ್ ಅಂತ ಇನ್ನೊಬ್ಬರು. ಉಡುಗೊರೆಯಾದರೆ ಏನೂ ಕಟ್ಟಬೇಕಿಲ್ಲ ಅಂತ ಮತ್ತೊಬ್ಬರು. ಮೂರು ಮಾತಿಗೂ ಆಧಾರ ಇತ್ತು. ಯಾವುದು ಯಾವಾಗ ಅನ್ವಯ ಆಗುತ್ತದೆ ಅನ್ನುವುದೇ ಜನಕ್ಕೆ ಸರಿಯಾಗಿ ತಲುಪಲಿಲ್ಲ.

ಸೇವೆ ನಿಂತಿದ್ದು 2025ರ ಆಗಸ್ಟ್ 25ರಂದು, ಗೌರಿ ಹಬ್ಬದ ಹಿಂದಿನ ದಿನ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕದ ರಿಯಾಯಿತಿಯನ್ನು ಅಮೆರಿಕ ತೆಗೆಯಲು ಹೊರಟಿದ್ದೇ ಕಾರಣ. ಮೊದಲು ಕಾಗದಪತ್ರ ಮತ್ತು 100 ಡಾಲರ್ ಒಳಗಿನ ಉಡುಗೊರೆಗೆ ವಿನಾಯಿತಿ ಇತ್ತು. ತಿಂಗಳ ಕೊನೆಗೆ ಅದೂ ಬಂದ್ ಆಯಿತು. ತವರಿಂದ ಬಾಗಿನದ ಸಾಮಾನು, ರವಿಕೆ ಕಣ, ಚಟ್ನಿಪುಡಿ ಕಳಿಸುವ ಎಷ್ಟೋ ಮನೆಗಳಿಗೆ ಗೌರಿ ಹಬ್ಬ, ದಸರಾ ಎರಡೂ ಹೀಗೇ ಕಳೆದವು. ಈಗ ಕೌಂಟರ್ ತೆರೆದಿದೆ ನಿಜ. ಆದರೆ ತೆರೆದಿರುವುದು ಹಳೇ ವ್ಯವಸ್ಥೆ ಅಲ್ಲ. ಸುಂಕದ ಲೆಕ್ಕ, ಬೆಲೆ ಬರೆಯುವ ಹೊಣೆ, ತಪ್ಪಾದರೆ ಅದರ ಪರಿಣಾಮ ಎಲ್ಲವೂ ಅಮೆರಿಕದ ಗಡಿಯಿಂದ ನಮ್ಮೂರ ಅಂಚೆ ಕಚೇರಿಗೆ, ಅಂದರೆ ಕಳಿಸುವವರ ಕೈಗೆ ಬಂದು ಕೂತಿವೆ. ಮುಂದಿನ ಎಲ್ಲ ಬದಲಾವಣೆಯ ಮೂಲ ಇದೇ.

800 ಡಾಲರ್ ರಿಯಾಯಿತಿ ಎಲ್ಲಿಂದ ಬಂತು

ಅಮೆರಿಕದ 1930ರ ಸುಂಕ ಕಾಯ್ದೆಗೆ 1938ರಲ್ಲಿ ಒಂದು ತಿದ್ದುಪಡಿ ಆಯಿತು. ತೀರಾ ಕಡಿಮೆ ಬೆಲೆಯ ಸಾಮಾನಿಗೆ ಸುಂಕ ಹಾಕುವುದು ಬೇಡ ಅನ್ನುವುದು ಅದರ ತಿರುಳು. ಕಾರಣ ಸರಳ. ವಸೂಲಿ ಮಾಡುವ ಖರ್ಚೇ ಬರುವ ಸುಂಕಕ್ಕಿಂತ ಜಾಸ್ತಿ ಆಗುತ್ತಿತ್ತು. ಇದಕ್ಕೆ 'ಡಿ ಮಿನಿಮಿಸ್' ಅಂತ ಹೆಸರು. ಮಿತಿ ನಿಧಾನವಾಗಿ ಏರುತ್ತಾ ಬಂತು. 2016ರಲ್ಲಿ ಒಂದೇ ಸಲಕ್ಕೆ 200 ಡಾಲರ್‌ನಿಂದ 800 ಡಾಲರ್‌ಗೆ ಹಾರಿತು. 2025ರ ಲೆಕ್ಕದಲ್ಲಿ ಅದು ಸುಮಾರು 70 ಸಾವಿರ ರೂಪಾಯಿ.

ಇಷ್ಟು ದೊಡ್ಡ ಮಿತಿ ಇದ್ದಾಗ ಮನೆಯವರು ಕಳಿಸುವ ಯಾವ ಪಾರ್ಸೆಲ್‌ಗೂ ಸುಂಕದ ಮಾತೇ ಬರುತ್ತಿರಲಿಲ್ಲ. ಫಾರ್ಮ್‌ನಲ್ಲಿ 'ಸೀರೆ, ತಿಂಡಿ' ಅಂತ ಬರೆದು ಅಂದಾಜಿನ ಬೆಲೆ ಹಾಕಿದರೆ ಮುಗೀತು. ಅದೇ ದಾರಿಯನ್ನು ಚೀನಾದ ಆನ್‌ಲೈನ್ ಅಂಗಡಿಗಳೂ ಹಿಡಿದವು. ಶೀನ್, ಟೆಮು ಥರದ ಕಂಪನಿಗಳು ಹಡಗಿನಲ್ಲಿ ಕಂಟೇನರ್ ತುಂಬಿ ಕಳಿಸುವ ಬದಲು, ಒಂದೊಂದು ಅಂಗಿಯನ್ನೂ ನೇರವಾಗಿ ಗ್ರಾಹಕರ ಮನೆಗೆ ಕಳಿಸಿದವು. ಕಂಟೇನರ್‌ಗೆ ಸುಂಕ ಇತ್ತು, ಒಂಟಿ ಅಂಗಿಗೆ ಇರಲಿಲ್ಲ. 2015ರಲ್ಲಿ ಸುಮಾರು 13 ಕೋಟಿ ಇದ್ದ ಇಂಥ ಪಾರ್ಸೆಲ್‌ಗಳು 2024ರ ಹೊತ್ತಿಗೆ 136 ಕೋಟಿ ದಾಟಿದವು. ದಿನಕ್ಕೆ ಹತ್ತಿರಹತ್ತಿರ 40 ಲಕ್ಷ! ಅರ್ಧಕ್ಕಿಂತ ಜಾಸ್ತಿ ಬರುತ್ತಿದ್ದದ್ದು ಚೀನಾ, ಹಾಂಗ್‌ಕಾಂಗ್‌ನಿಂದ.

ಹಾಗಾಗಿ ಮೊದಲ ಏಟು ಬಿದ್ದದ್ದು ಚೀನಾಕ್ಕೆ. 2025ರ ಫೆಬ್ರವರಿಯಲ್ಲಿ ಟ್ರಂಪ್ ಸರ್ಕಾರ ಚೀನಾ ಪಾರ್ಸೆಲ್‌ಗಳ ರಿಯಾಯಿತಿ ತೆಗೆಯಲು ಹೊರಟಿತು. ಅಮೆರಿಕದ ಅಂಚೆ ಇಲಾಖೆ ಗಾಬರಿಯಲ್ಲಿ ಆ ಪಾರ್ಸೆಲ್‌ಗಳನ್ನೇ ನಿಲ್ಲಿಸಿ, ಮರುದಿನ ಮತ್ತೆ ಶುರು ಮಾಡಿತು. ವಸೂಲಿ ಮಾಡುವ ವ್ಯವಸ್ಥೆ ಸಿದ್ಧವಿಲ್ಲ ಅಂತ ಸರ್ಕಾರವೇ ಆದೇಶ ಮುಂದೂಡಿತು. ಅದು ಜಾರಿಗೆ ಬಂದದ್ದು ಮೇ 2ರಂದು. ಜುಲೈ 30ರಂದು ಇನ್ನೊಂದು ಆದೇಶ ಬಂತು. ಆಗಸ್ಟ್ 29ರಿಂದ ಎಲ್ಲ ದೇಶಗಳ ರಿಯಾಯಿತಿಯೂ ರದ್ದು. ಫೆಬ್ರವರಿಯಲ್ಲಿ ಒಂದೇ ದೇಶದ ವಿಷಯದಲ್ಲಿ ಆಗದ ಕೆಲಸಕ್ಕೆ, ಇಡೀ ಜಗತ್ತಿಗೆ ಸೇರಿಸಿ ಕೊಟ್ಟ ಸಮಯ ಒಂದೇ ತಿಂಗಳು.

ಅಂಚೆ ಪೂರ್ತಿ ನಿಂತುಹೋಗಿದ್ದು ಯಾಕೆ

ಸುಂಕ ಹಾಕಿದರೆ ಪಾರ್ಸೆಲ್ ದುಬಾರಿ ಆಗಬೇಕು. ಸೇವೆಯೇ ಯಾಕೆ ನಿಲ್ಲಬೇಕು ಅನ್ನುವ ಪ್ರಶ್ನೆ ಸಹಜ. ಉತ್ತರ ಇರುವುದು ಅಂಚೆ ಕೆಲಸ ಮಾಡುವ ರೀತಿಯಲ್ಲಿ.

ನೀವು ತಿಪಟೂರಿನಲ್ಲಿ ಒಂದು ಪಾರ್ಸೆಲ್ ಬುಕ್ ಮಾಡಿದಿರಿ ಅಂದುಕೊಳ್ಳಿ. ಅಂಚೆ ಶುಲ್ಕ ಅಲ್ಲೇ ಕಟ್ಟುತ್ತೀರಿ. ಪಾರ್ಸೆಲ್ ವಿದೇಶಿ ಅಂಚೆ ಕಚೇರಿಗೆ ಹೋಗಿ, ವಿಮಾನ ಹತ್ತಿ, ಅಮೆರಿಕದಲ್ಲಿ ಅಲ್ಲಿನ ಅಂಚೆ ಇಲಾಖೆಯ ಕೈಗೆ ಸೇರುತ್ತದೆ. ಈ ಇಡೀ ಸರಪಳಿಯಲ್ಲಿ ಅಮೆರಿಕದ ಸುಂಕವನ್ನು ಮುಂಗಡವಾಗಿ ವಸೂಲಿ ಮಾಡುವವರು ಯಾರೂ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ.

ಹೊಸ ಆದೇಶ ಆ ಕೆಲಸವನ್ನು ಅಮೆರಿಕದ ಅಂಚೆ ಇಲಾಖೆಗೆ ಕೊಡಲಿಲ್ಲ. ಟಪಾಲು ಹೊತ್ತು ತರುವ ವಿಮಾನಯಾನ ಸಂಸ್ಥೆಗಳು, ಇಲ್ಲವೇ ಅಮೆರಿಕದ ಕಸ್ಟಮ್ಸ್ ಒಪ್ಪಿದ ಮಧ್ಯವರ್ತಿ ಕಂಪನಿಗಳು ಸುಂಕ ಕಟ್ಟಬೇಕು ಎಂದಿತು. ಆ ಮಧ್ಯವರ್ತಿಗಳು ಯಾರು, ಮಾಹಿತಿ ಹೇಗೆ ಕಳಿಸಬೇಕು, ಹಣ ಹೇಗೆ ಸೇರಬೇಕು ಅನ್ನುವ ವಿವರ ಹೊರಬಂದದ್ದು ಆಗಸ್ಟ್ ಮಧ್ಯದಲ್ಲಿ. ಒಂದೊಂದು ಚೀಲದಲ್ಲಿ ನೂರಾರು ಪಾರ್ಸೆಲ್ ಹೊರುವ ವಿಮಾನ ಕಂಪನಿಗಳು, ಒಳಗಿರುವುದು ಏನು, ಎಷ್ಟು ಬೆಲೆ ಅಂತ ಗೊತ್ತಿಲ್ಲದೆ ಹೊಣೆ ಹೊರಲು ಒಪ್ಪಲಿಲ್ಲ. ವಿಮಾನ ಸಿಗದ ಮೇಲೆ ಅಂಚೆ ಇಲಾಖೆ ಬುಕಿಂಗ್ ನಿಲ್ಲಿಸಲೇಬೇಕಾಯಿತು.

ಇದು ಭಾರತ ಒಂದರ ಕಥೆಯಲ್ಲ. ಸ್ವಿಟ್ಜರ್ಲೆಂಡ್‌ನ ಬರ್ನ್‌ನಲ್ಲಿರುವ ಜಾಗತಿಕ ಅಂಚೆ ಒಕ್ಕೂಟದ ಪ್ರಕಾರ 88 ಅಂಚೆ ಸಂಸ್ಥೆಗಳು ಅಮೆರಿಕದ ಸೇವೆಯನ್ನು ಪೂರ್ತಿಯಾಗಿ ಅಥವಾ ಭಾಗಶಃ ನಿಲ್ಲಿಸಿದವು. ಆಗಸ್ಟ್ 29ರಂದು ಅಮೆರಿಕಕ್ಕೆ ಹೋದ ಟಪಾಲು, ವಾರದ ಹಿಂದಿನ ಅದೇ ದಿನಕ್ಕೆ ಹೋಲಿಸಿದರೆ ಶೇ 81ರಷ್ಟು ಕುಸಿಯಿತು. ಭಾರತದ ದುರದೃಷ್ಟ ಅಂದರೆ, ಇದರ ಜೊತೆಗೇ ಸುಂಕದ ದರವೂ ಏರಿತ್ತು. ಆಗಸ್ಟ್ 7ರಂದು ಶೇ 25 ಬಂತು. ರಷ್ಯಾದ ತೈಲದ ಕಾರಣ ಹೇಳಿ ಆಗಸ್ಟ್ 27ರಂದು, ಗಣೇಶನ ಹಬ್ಬದ ದಿನವೇ, ಇನ್ನೊಂದು ಶೇ 25 ಸೇರಿತು. ರಿಯಾಯಿತಿ ಹೋಗಿದ್ದು ಒಂದು ನಿರ್ಧಾರ, ಶೇ 50 ದರ ಇನ್ನೊಂದು ನಿರ್ಧಾರ. ಇವೆರಡನ್ನು ಬೇರೆಬೇರೆಯಾಗಿ ನೋಡುವುದು ಮುಖ್ಯ. ಮುಂದೆ ದರ ಇಳಿದರೂ ರಿಯಾಯಿತಿ ತಾನಾಗೇ ವಾಪಸ್ ಬರುವುದಿಲ್ಲ.

ಈಗ ಕೌಂಟರಿನಲ್ಲಿ ಆಗುವುದೇನು

ಹೊಸ ಪದ್ಧತಿಯ ಹೆಸರು 'ಡೆಲಿವರ್ಡ್ ಡ್ಯೂಟಿ ಪೇಯ್ಡ್', ಅಂದರೆ ಸುಂಕ ಕಟ್ಟಿಯೇ ಕಳಿಸಿದ ಪಾರ್ಸೆಲ್. ಬುಕ್ ಮಾಡುವಾಗಲೇ ಕಳಿಸುವವರು ಸುಂಕ ಕಟ್ಟುತ್ತಾರೆ. ಅಂಚೆ ಇಲಾಖೆ ಅದನ್ನು ಮಧ್ಯವರ್ತಿ ಕಂಪನಿಯ ಮೂಲಕ ಅಮೆರಿಕದ ಕಸ್ಟಮ್ಸ್‌ಗೆ ಸೇರಿಸುತ್ತದೆ. ಈ ಸೇವೆಗೆ ಬೇರೆ ಶುಲ್ಕ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಸೇವೆ ಶುರುವಾದಾಗ ದರ ಘೋಷಿಸಿದ ಬೆಲೆಯ ಶೇ 50 ಇತ್ತು. ಅಂಚೆ ಶುಲ್ಕದ ಮೇಲೆ ಸುಂಕ ಇಲ್ಲ, ಸಾಮಾನಿನ ಬೆಲೆಯ ಮೇಲೆ ಮಾತ್ರ.

ಹಾಗಾದರೆ 200 ಡಾಲರ್ ಮಾತು ಎಲ್ಲಿಂದ ಬಂತು? ಅಮೆರಿಕದ ಆದೇಶ ಅಂಚೆ ಪಾರ್ಸೆಲ್‌ಗೆ ಎರಡು ದಾರಿ ಕೊಟ್ಟಿತ್ತು. ಒಂದು, ಬೆಲೆಯ ಇಂತಿಷ್ಟು ಶೇಕಡಾ. ಇನ್ನೊಂದು, ಪಾರ್ಸೆಲ್‌ಗೆ ಇಂತಿಷ್ಟು ಅಂತ ನಿಗದಿ ಮೊತ್ತ. ಈ ಎರಡನೆಯದು ಮೊದಲ ಆರು ತಿಂಗಳಿಗೆ ಮಾತ್ರ ಇತ್ತು. ಶೇ 25ಕ್ಕಿಂತ ಜಾಸ್ತಿ ಸುಂಕ ಇದ್ದ ದೇಶಕ್ಕೆ ಆ ನಿಗದಿ ಮೊತ್ತ 200 ಡಾಲರ್ ಆಗಿತ್ತು. ಭಾರತೀಯ ಅಂಚೆ ಶೇಕಡಾ ಲೆಕ್ಕವನ್ನೇ ಹಿಡಿಯಿತು. ಮನೆಯವರಿಗೆ ಇದೇ ಒಳ್ಳೆಯದಾಯಿತು. 150 ಡಾಲರ್ ಸೀರೆಗೆ 75 ಡಾಲರ್ ಸುಂಕವೇ ಹೊರೆಯಾಗಿತ್ತು. ಅದಕ್ಕೆ 200 ಡಾಲರ್ ಹಾಕಿದ್ದರೆ ಯಾರೂ ಸೀರೆ ಕಳಿಸುತ್ತಿರಲಿಲ್ಲ.

ಇದರಿಂದ ಅಲ್ಲಿರುವವರಿಗೆ ಒಂದು ಅನುಕೂಲ ಇದೆ. ಸುಂಕ ಇಲ್ಲೇ ಕಟ್ಟಿರುವುದರಿಂದ ಅಲ್ಲಿ ಪಡೆಯುವವರು ಮತ್ತೆ ಕಟ್ಟುವ ಪ್ರಮೇಯ ಇಲ್ಲ. 'ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಈ ಲಿಂಕ್ ಒತ್ತಿ ಹಣ ಕಟ್ಟಿ' ಅಂತ ಮೊಬೈಲಿಗೆ ಸಂದೇಶ ಬಂದರೆ ಅದು ಮೋಸ ಅಂತಲೇ ತಿಳಿಯಿರಿ. ಗೊಂದಲ ಜಾಸ್ತಿ ಇರುವ ಕಾಲವೇ ಇಂಥವರಿಗೆ ಸುಗ್ಗಿ.

ನೂರು ಡಾಲರ್ ಉಡುಗೊರೆ

ಮನೆಮಂದಿಗೆ ನಿಜವಾಗಿ ಮುಖ್ಯವಾದ ನಿಯಮ ಇದು. 800 ಡಾಲರ್ ರಿಯಾಯಿತಿ ಹೋದರೂ ಅದೇ ಕಾಯ್ದೆಯ ಇನ್ನೊಂದು ಸಾಲು ಹಾಗೇ ಉಳಿದಿದೆ. ಹೊರದೇಶದಲ್ಲಿರುವ ಒಬ್ಬ ವ್ಯಕ್ತಿ ಅಮೆರಿಕದಲ್ಲಿರುವ ಒಬ್ಬ ವ್ಯಕ್ತಿಗೆ ಕಳಿಸುವ ನಿಜವಾದ ಉಡುಗೊರೆ 100 ಡಾಲರ್ ಒಳಗಿದ್ದರೆ ಸುಂಕ ಇಲ್ಲ. 2025ರ ರೂಪಾಯಿ ಲೆಕ್ಕದಲ್ಲಿ ಸುಮಾರು 8,800.

ಇಲ್ಲಿ ಕೆಲವು ಸೂಕ್ಷ್ಮ ಇವೆ. ಮೊದಲನೆಯದು, ಮಿತಿ ದಾಟಿದರೆ ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೂ ಸುಂಕ. 6,000 ರೂಪಾಯಿಯ ಇಳಕಲ್ ಸೀರೆ ಕಳಿಸಿದರೆ ಸುಂಕ ಸೊನ್ನೆ. 12,000 ರೂಪಾಯಿಯದು ಕಳಿಸಿದರೆ 2025ರ ಶೇ 50 ದರದಲ್ಲಿ ಸುಂಕ 6,000 ಆಗುತ್ತಿತ್ತು. ಸುಮ್ನೆ ಎರಡು ಪಾರ್ಸೆಲ್ ಮಾಡಿಬಿಟ್ಟರೆ ಆಯ್ತಲ್ವಾ ಅಂತ ಅನ್ನಿಸಬಹುದು. ಒಬ್ಬರಿಗೆ ಒಂದೇ ದಿನ ಬಂದು ಸೇರುವ ಪಾರ್ಸೆಲ್‌ಗಳನ್ನು ಕಸ್ಟಮ್ಸ್ ಕೂಡಿಸಿ ಲೆಕ್ಕ ಹಾಕುತ್ತದೆ. ಒಂದೇ ಡಬ್ಬದಲ್ಲಿ ಮಗಳು, ಅಳಿಯ, ಮೊಮ್ಮಗು ಮೂವರಿಗೂ ಬೇರೆಬೇರೆ ಉಡುಗೊರೆ ಇಟ್ಟರೆ ಪರವಾಗಿಲ್ಲ. ಆದರೆ ಪ್ರತಿಯೊಂದನ್ನೂ ಬೇರೆಬೇರೆ ಸುತ್ತಿ, ಯಾರದು, ಎಷ್ಟರದು ಅಂತ ಹೆಸರು ಬರೆದಿರಬೇಕು.

ಎರಡನೆಯದು, ಯಾವುದು ಉಡುಗೊರೆ? ಅಲ್ಲಿರುವ ಮಗ ಆನ್‌ಲೈನ್‌ನಲ್ಲಿ ತಾನೇ ದುಡ್ಡು ಕೊಟ್ಟು ಬೆಂಗಳೂರಿನ ಅಂಗಡಿಯಿಂದ ತರಿಸಿಕೊಂಡರೆ ಅದು ಖರೀದಿ. ಪಾರ್ಸೆಲ್ ಮೇಲೆ 'ಗಿಫ್ಟ್' ಅಂತ ಬರೆದ ಮಾತ್ರಕ್ಕೆ ಉಡುಗೊರೆ ಆಗುವುದಿಲ್ಲ.

ಮೂರನೆಯದು, ಸುಂಕ ನೋಡುವುದು ಸಾಮಾನು ಎಲ್ಲಿ ತಯಾರಾಯಿತು ಅನ್ನುವುದನ್ನು. ಎಲ್ಲಿಂದ ಹೊರಟಿತು ಅನ್ನುವುದನ್ನಲ್ಲ. ಮೊಮ್ಮಗುವಿಗೆ ಚನ್ನಪಟ್ಟಣದ ಬೊಂಬೆ ಕಳಿಸಿದರೆ ಅದು ಭಾರತದ್ದು. ಜೊತೆಗಿಟ್ಟ ಬ್ಯಾಟರಿ ಕಾರು ಚೀನಾದ್ದಾದರೆ ಅದಕ್ಕೆ ಚೀನಾದ ದರ.

ಇನ್ನೊಂದು ವಿಷಯ ಅಷ್ಟಾಗಿ ಯಾರೂ ಹೇಳುತ್ತಿಲ್ಲ. ಈ ಸುಂಕಗಳಿಗೆ 2025ರಲ್ಲಿ ಆಧಾರವಾಗಿದ್ದ 1977ರ ತುರ್ತು ಆರ್ಥಿಕ ಅಧಿಕಾರ ಕಾಯ್ದೆ ಪುಸ್ತಕ, ಪತ್ರಿಕೆ, ಫೋಟೊ, ಕಲಾಕೃತಿಗಳನ್ನು ಮುಟ್ಟುವಂತಿಲ್ಲ. ಆಗಸ್ಟ್ 29ರ ಆದೇಶವೂ ಅವನ್ನು ಹೊರಗಿಟ್ಟಿದೆ. ಹಾಗಾಗಿ ಕನ್ನಡ ಪುಸ್ತಕ ಕಳಿಸುವವರು ಬೇರೆ ಸಾಮಾನಿನ ಜೊತೆ ಬೆರೆಸದೆ, ಪುಸ್ತಕ ಅಂತಲೇ ಸ್ಪಷ್ಟವಾಗಿ ಬರೆದು ಕಳಿಸುವುದು ಒಳ್ಳೆಯದು. ಅಲ್ಲಿ ಕನ್ನಡ ಕಲಿ ಶಾಲೆ ನಡೆಸುವವರಿಗೆ ಇದು ಸಣ್ಣ ವಿಷಯ ಅಲ್ಲ.

ಕೊರಿಯರ್ ಲೆಕ್ಕವೇ ಬೇರೆ

ಅಂಚೆ ನಿಂತ ಏಳು ವಾರಗಳಲ್ಲಿ ಎಷ್ಟೋ ಜನ ಖಾಸಗಿ ಕೊರಿಯರ್ ಹಿಡಿದರು. ಅಲ್ಲಿ ಬಿಲ್ ಯಾಕೆ ಅಷ್ಟು ಬಂತು ಅಂತ ಕೇಳಿದರು. ಅಂಚೆ ಪಾರ್ಸೆಲ್‌ಗೆ 2025ರಲ್ಲಿ ಶೇ 50 ಮಾತ್ರ ಇತ್ತು. ಕೊರಿಯರ್‌ನಲ್ಲಿ ಬಂದದ್ದು ಸಾಮಾನ್ಯ ಆಮದಿನ ಹಾಗೆ. ಆ ವಸ್ತುವಿಗೆ ಮೊದಲಿನಿಂದ ಇರುವ ಮೂಲ ಸುಂಕ, ಅದರ ಮೇಲೆ ಶೇ 50, ಜೊತೆಗೆ ಕಂಪನಿಯ ಕ್ಲಿಯರೆನ್ಸ್ ಶುಲ್ಕ. ಸೀರೆಯಾದರೆ ಹತ್ತಿಯೋ, ರೇಷ್ಮೆಯೋ, ಪಾಲಿಯೆಸ್ಟರೋ ಅನ್ನುವುದರ ಮೇಲೆ ಮೂಲ ಸುಂಕ ಬದಲಾಗುತ್ತದೆ. ವಿವರ ಸರಿಯಿಲ್ಲದ ಪಾರ್ಸೆಲ್‌ಗಳು ಗೋದಾಮಿನಲ್ಲೇ ಉಳಿದವು. ಕೆಲವನ್ನು ವಿಲೇವಾರಿ ಮಾಡಲಾಗಿದೆ ಅನ್ನುವ ಸಂದೇಶ ಬಂತೆಂದು ಅಮೆರಿಕದ ಪತ್ರಿಕೆಗಳು ವರದಿ ಮಾಡಿವೆ. ಉಡುಗೊರೆಯ ನಿಯಮ ಕೊರಿಯರ್‌ಗೂ ಇದೆ. ಆದರೆ ಕಳಿಸುವ ಮೊದಲೇ ಅದನ್ನು ಉಡುಗೊರೆ ಅಂತ ಕ್ಲಿಯರ್ ಮಾಡುತ್ತೀರಾ, ಸುಂಕ ಯಾರು ಕಟ್ಟಬೇಕು ಎಂದು ಕೇಳಿ ಬರೆಸಿಕೊಳ್ಳದಿದ್ದರೆ ಬಿಲ್ ಪಡೆಯುವವರ ಮನೆಗೆ ಹೋಗುತ್ತದೆ.

ಸುಂಕ ಕಟ್ಟಿದರೂ ಎಲ್ಲವೂ ಒಳಗೆ ಹೋಗುವುದಿಲ್ಲ

ಸುಂಕ ಒಂದು ಪ್ರಶ್ನೆ, ಸಾಮಾನನ್ನು ಒಳಗೆ ಬಿಡುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಎರಡನೆಯದರಲ್ಲಿ ಹೊಸತೇನೂ ಇಲ್ಲ. ಆದರೆ ಈಗ ವಿವರ ಮೊದಲೇ ಕಂಪ್ಯೂಟರಿಗೆ ಹೋಗುವುದರಿಂದ ಇಂಥದ್ದು ಬೇಗ ಕಣ್ಣಿಗೆ ಬೀಳಬಹುದು.

ಹಸಿ ಕರಿಬೇವು ಒಳ್ಳೆಯ ಉದಾಹರಣೆ. ಅದು ನಿಂಬೆ, ಕಿತ್ತಳೆ ಗಿಡಗಳ ಕುಟುಂಬಕ್ಕೆ ಸೇರಿದ್ದು. ಕಿತ್ತಳೆ ತೋಟಗಳನ್ನು ಹಾಳು ಮಾಡುವ ಒಂದು ರೋಗವನ್ನು ಹರಡುವ ಸಣ್ಣ ಕೀಟ ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ. ಫ್ಲಾರಿಡಾದ ಕಿತ್ತಳೆ ಬೆಳೆಗಾರರು ಈ ರೋಗದಿಂದ ನೆಲಕಚ್ಚಿದ್ದಾರೆ. ಹಾಗಾಗಿ ಒಂದು ಎಸಳು ಹಸಿ ಕರಿಬೇವಿಗೂ ಅಲ್ಲಿ ಜಾಗ ಇಲ್ಲ. ಮಾಂಸ, ಬೀಜ, ಹಸಿ ಹಣ್ಣುಗಳ ಕಥೆಯೂ ಹೆಚ್ಚುಕಡಿಮೆ ಹೀಗೇ. ಔಷಧಿಗೆ ಇನ್ನೂ ಬಿಗಿ.

ಸಮಾಧಾನದ ಸಂಗತಿಯೂ ಇದೆ. ಹೊರಗಿನ ಆಹಾರ ಬರುವ ಮೊದಲು ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಗೆ ಮುನ್ಸೂಚನೆ ಕೊಡಬೇಕು ಅಂತ ನಿಯಮ. ಆದರೆ ಮನೆಯಲ್ಲಿ ಮಾಡಿದ ತಿಂಡಿಯನ್ನು ಮಾಡಿದವರೇ ಉಡುಗೊರೆಯಾಗಿ ಕಳಿಸಿದರೆ ಅದರಿಂದ ವಿನಾಯಿತಿ. ಅಮ್ಮ ಕರಿದ ಚಕ್ಕುಲಿ, ಕೋಡುಬಳೆಗೆ ಆ ನಿಯಮ ಅಡ್ಡ ಬರುವುದಿಲ್ಲ. ಆದರೆ ಡಬ್ಬದ ಮೇಲೆ ಬರೀ 'ತಿಂಡಿ' ಅಂತ ಬರೆಯಬೇಡಿ. ಏನು, ಯಾವ ಹಿಟ್ಟಿನದು, ಮನೆಯಲ್ಲಿ ಮಾಡಿದ್ದು, ಉಡುಗೊರೆ ಅಂತ ಬರೆಯಿರಿ.

ಯಾರ ವಾದ ಏನು

ಟ್ರಂಪ್ ಸರ್ಕಾರ ಎರಡು ಕಾರಣ ಕೊಡುತ್ತದೆ. ಸಣ್ಣ ಪಾರ್ಸೆಲ್‌ಗಳಲ್ಲಿ ಫೆಂಟನಿಲ್ ಮಾದಕ ವಸ್ತು ನುಸುಳುತ್ತಿದೆ. ಮತ್ತು ಸುಂಕ ಕಟ್ಟಿ ವ್ಯಾಪಾರ ಮಾಡುವ ಅಮೆರಿಕದ ಕಂಪನಿಗಳಿಗೆ ಅನ್ಯಾಯ ಆಗುತ್ತಿದೆ. ಎರಡನೆಯದು ಟ್ರಂಪ್ ಒಬ್ಬರ ಮಾತಲ್ಲ. ಅಲ್ಲಿನ ಜವಳಿ ಉದ್ಯಮ ವರ್ಷಗಳಿಂದ ಇದನ್ನೇ ಕೇಳುತ್ತಿತ್ತು. ಬೈಡನ್ ಸರ್ಕಾರವೂ 2024ರಲ್ಲಿ ರಿಯಾಯಿತಿಯನ್ನು ಮೊಟಕು ಮಾಡಲು ಹೊರಟಿತ್ತು.

ವಿರೋಧಿಗಳ ಪ್ರಕಾರ ಫೆಂಟನಿಲ್ ಬಹುಪಾಲು ಸಿಕ್ಕಿಬೀಳುವುದು ಮೆಕ್ಸಿಕೊ ಗಡಿಯಲ್ಲಿ, ಸೀರೆ ಪಾರ್ಸೆಲ್‌ನಲ್ಲಲ್ಲ. ರಿಯಾಯಿತಿ ಹೋದರೆ ಅಮೆರಿಕದ ಗ್ರಾಹಕರಿಗೆ ವರ್ಷಕ್ಕೆ 1,090 ಕೋಟಿಯಿಂದ 1,300 ಕೋಟಿ ಡಾಲರ್ ನಷ್ಟ, ಅದರಲ್ಲೂ ಬಡವರಿಗೆ ಜಾಸ್ತಿ ಅಂತ ಅರ್ಥಶಾಸ್ತ್ರಜ್ಞರಾದ ಫೈಗೆಲ್‌ಬೌಮ್ ಮತ್ತು ಖಂಡೇಲ್‌ವಾಲ್ ಅಂದಾಜು ಮಾಡಿದ್ದಾರೆ.

ನಮ್ಮ ದೇಶವೂ ಇಂಥದ್ದೇ ಬಾಗಿಲು ಮುಚ್ಚಿದೆ ಅನ್ನುವುದನ್ನು ಇಲ್ಲಿ ಮರೆಯಬಾರದು. 2019ರ ಡಿಸೆಂಬರ್‌ನಲ್ಲಿ ಭಾರತ ವಿದೇಶದಿಂದ ಅಂಚೆ, ಕೊರಿಯರ್‌ನಲ್ಲಿ ಸುಂಕವಿಲ್ಲದೆ ಬರುವ ಉಡುಗೊರೆಗಳನ್ನು ನಿಲ್ಲಿಸಿತು. ರಾಖಿ ಮತ್ತು ಜೀವ ಉಳಿಸುವ ಔಷಧಿಗೆ ಮಾತ್ರ ವಿನಾಯಿತಿ. ಕಾರಣವೂ ಅದೇ. ಚೀನಾದ ಆನ್‌ಲೈನ್ ಅಂಗಡಿಗಳು ಮಾರಿದ ಮಾಲನ್ನು 'ಗಿಫ್ಟ್' ಅಂತ ಕಳಿಸುತ್ತಿದ್ದವು. ಹಾಗೆ ನೋಡಿದರೆ 100 ಡಾಲರ್ ಉಡುಗೊರೆಯನ್ನು ಉಳಿಸಿದ ಅಮೆರಿಕ ಈ ಒಂದು ವಿಷಯದಲ್ಲಿ ನಮಗಿಂತ ಸಡಿಲ. ಬೇರೆ ಕಡೆ ಮಿತಿ ಇನ್ನೂ ಕಡಿಮೆ. ಉಡುಗೊರೆಗೆ ಬ್ರಿಟನ್‌ನಲ್ಲಿ 39 ಪೌಂಡ್, ಯುರೋಪ್ ಒಕ್ಕೂಟದಲ್ಲಿ 45 ಯುರೊ, ಕೆನಡಾದಲ್ಲಿ 60 ಕೆನಡಾ ಡಾಲರ್.

ದೊಡ್ಡ ಕಂಪನಿಗಳು ರಿಯಾಯಿತಿಯನ್ನು ಬಳಸಿಕೊಂಡ ರೀತಿ ನೋಡಿದರೆ ಅದಕ್ಕೆ ಕಡಿವಾಣ ಬೇಕಿತ್ತು ಅನ್ನುವುದು ಒಪ್ಪತಕ್ಕ ಮಾತು. ತಪ್ಪಿದ್ದು ಜಾರಿ ಮಾಡಿದ ಅವಸರದಲ್ಲಿ. ಕೋಟಿಗಟ್ಟಲೆ ಪಾರ್ಸೆಲ್ ಕಳಿಸುವ ಕಂಪನಿಗಳು ಅಮೆರಿಕದಲ್ಲೇ ಗೋದಾಮು ಮಾಡಿಕೊಂಡು ಸಾಮಾನನ್ನು ಒಟ್ಟಿಗೆ ತರಿಸಿಕೊಳ್ಳಬಲ್ಲವು. ವರ್ಷಕ್ಕೆ ಎರಡು ಡಬ್ಬ ಕಳಿಸುವ ಮನೆಗೆ ಅಂಥ ದಾರಿ ಇಲ್ಲ. ಅಂಚೆಯಲ್ಲಿ ಬೊಂಬೆ, ಕೈಮಗ್ಗದ ಬಟ್ಟೆ ಮಾರುತ್ತಿದ್ದ ಸಣ್ಣ ಕುಶಲಕರ್ಮಿಗಳಿಗೂ ಇಲ್ಲ. ಅವರದು ಮಾರಾಟವಾದ್ದರಿಂದ ಉಡುಗೊರೆಯ ವಿನಾಯಿತಿಯೂ ಸಿಗುವುದಿಲ್ಲ. 2025ರ ಶೇ 50 ದರದಲ್ಲಿ 40 ಡಾಲರ್ ಬೊಂಬೆಗೂ 20 ಡಾಲರ್ ಸುಂಕ ಬೀಳುತ್ತಿತ್ತು.

ಮುಂದೇನಾಗಬಹುದು

ಸುಂಕದ ದರ ಬದಲಾಗಬಹುದು. ತುರ್ತು ಕಾಯ್ದೆ ಬಳಸಿ ಇಂಥ ಸುಂಕ ಹಾಕುವ ಅಧಿಕಾರ ಅಧ್ಯಕ್ಷರಿಗೆ ಇಲ್ಲ ಅಂತ 2025ರ ಆಗಸ್ಟ್ 29ರಂದೇ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ 7-4ರ ಬಹುಮತದಲ್ಲಿ ಹೇಳಿತು. ಆದರೆ ತೀರ್ಪು ತಕ್ಷಣ ಜಾರಿ ಆಗಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಗಿ, 2025ರ ನವೆಂಬರ್ 5ರಂದು ವಾದ ನಡೆಯಿತು. ಆಗ ಭಾರತ ಮತ್ತು ಅಮೆರಿಕದ ನಡುವೆ ವ್ಯಾಪಾರ ಮಾತುಕತೆಯೂ ನಡೆಯುತ್ತಿತ್ತು. ಇವೆರಡರಲ್ಲಿ ಯಾವುದು ಫಲ ಕೊಟ್ಟರೂ ಶೇ 50 ಇಳಿಯಬಹುದು ಅನ್ನುವ ಸ್ಥಿತಿ ಅದು.

800 ಡಾಲರ್ ರಿಯಾಯಿತಿಯ ಕಥೆ ಬೇರೆ. 2025ರ ಜುಲೈ 4ರಂದು ಸಹಿಯಾದ ದೊಡ್ಡ ಬಜೆಟ್ ಕಾಯ್ದೆಯಲ್ಲಿ ಅಮೆರಿಕದ ಸಂಸತ್ತೇ ಅದನ್ನು 2027ರ ಜುಲೈ 1ರಿಂದ ಕಿತ್ತುಹಾಕಿದೆ. ಅಧ್ಯಕ್ಷರ ಆದೇಶವನ್ನು ಕೋರ್ಟು ರದ್ದು ಮಾಡಿದರೂ ಹೆಚ್ಚೆಂದರೆ ಅಲ್ಲಿವರೆಗೆ ರಿಯಾಯಿತಿ ಸಿಕ್ಕೀತು. ಒಂದಷ್ಟು ದಿನ ಕಾದರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಅಂತ ಕೂರುವುದರಲ್ಲಿ ಅರ್ಥ ಇಲ್ಲ.

ಹಾಗಾಗಿ ಜನರ ಅಭ್ಯಾಸ ಬದಲಾಗುತ್ತದೆ. ಬೆಲೆಬಾಳುವ ಸಾಮಾನು ಸೂಟ್‌ಕೇಸ್‌ಗೆ ಹೋಗುತ್ತದೆ. ಅಲ್ಲಿ ನೆಲೆಸಿದವರು ಊರಿಂದ ವಾಪಸ್ ಹೋಗುವಾಗ 800 ಡಾಲರ್‌ವರೆಗಿನ ಸಾಮಾನಿಗೆ ಸಿಗುವ ಪ್ರಯಾಣಿಕರ ವಿನಾಯಿತಿ ಬೇರೆಯದೇ ನಿಯಮ, ಅದು ಹಾಗೇ ಇದೆ. ಅಂಚೆಗೆ ಉಳಿಯುವುದು 100 ಡಾಲರ್ ಒಳಗಿನ ಡಬ್ಬಗಳು. ಅವು ಸಲೀಸಾಗಿ ಹೋಗಬೇಕಾದರೆ ಫಾರ್ಮ್ ಸರಿಯಾಗಿರಬೇಕು.

ಅಂಚೆ ಇಲಾಖೆ ಮಾಡಬೇಕಾದ ಕೆಲಸ ಇರುವುದು ಇಲ್ಲೇ. ಸಿಎನ್ 22, ಸಿಎನ್ 23 ಅನ್ನುವ ಕಸ್ಟಮ್ಸ್ ಫಾರ್ಮ್‌ಗಳು ಅಂತರರಾಷ್ಟ್ರೀಯ ಮಾದರಿಯವು. ಅವನ್ನು ತುಂಬುವವರು ಬಹಳಷ್ಟು ಸಲ ವಯಸ್ಸಾದ ಅಪ್ಪ ಅಮ್ಮ. ಉಡುಗೊರೆ ಅನ್ನುವ ಕಡೆ ಗುರುತು ಹಾಕದಿದ್ದರೆ, ಬೆಲೆಯನ್ನು ಅಂದಾಜಿನಲ್ಲಿ ಜಾಸ್ತಿ ಬರೆದರೆ, ಕಟ್ಟಬೇಕಿಲ್ಲದ ಸುಂಕ ಕಟ್ಟಿ ಬರುತ್ತಾರೆ. ಕಡಿಮೆ ಬರೆದರೆ ಪಾರ್ಸೆಲ್ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಚಟ್ನಿಪುಡಿ, ಹಪ್ಪಳ, ಸೀರೆ, ಪುಸ್ತಕಕ್ಕೆ ಹೇಗೆ ಬರೆಯಬೇಕು ಅನ್ನುವ ತುಂಬಿದ ಮಾದರಿಯನ್ನು ಕನ್ನಡ ವಿವರಣೆಯ ಜೊತೆ ಪ್ರತಿ ಮುಖ್ಯ ಅಂಚೆ ಕಚೇರಿಯ ಗೋಡೆಗೆ ಅಂಟಿಸಲು ದೊಡ್ಡ ಖರ್ಚು ಬೇಕಿಲ್ಲ. ಅದು ಬರುವವರೆಗೆ ಅಲ್ಲಿರುವ ಮಕ್ಕಳು ಒಂದು ಕೆಲಸ ಮಾಡಬಹುದು. ಸಾಮಾನಿನ ಪಟ್ಟಿ, ಬೆಲೆ, ಇಂಗ್ಲಿಷ್ ವಿವರ ಎಲ್ಲವನ್ನೂ ತಾವೇ ಬರೆದು ಮನೆಗೆ ಕಳಿಸಿದರೆ, ಅಪ್ಪ ಅಮ್ಮ ಅದನ್ನು ನೋಡಿ ಫಾರ್ಮ್ ತುಂಬಿ, ಅಂಗಡಿಯ ಬಿಲ್ ಜೊತೆಗಿಟ್ಟುಕೊಂಡು ಕೌಂಟರಿಗೆ ಹೋಗಬಹುದು.